ಗರ್ಭಕೋಶಕ್ಕೆ ಔಷಧಿ ಹಾಕಿಸುವ ಮುನ್ನ

ತಮ್ಮಾ, ಈರುಳ್ಳಿ, ಮೆಕ್ಕೆಜೋಳದ ರೇಟು ನಂಬಿ ಕೂರಲಾಗದೆ ಮದಕರಿಪುರದಲ್ಲಿ ಹಸು ಕಟ್ಟಿದ್ದೀಯ, ಒಳ್ಳೆಯದಾಯಿತು. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ, ತೆಂಗು ಇದೆ. ಹಿರಿಯೂರಿನವರಿಗೆ ವಾಣಿವಿಲಾಸದ ನಾಲೆ ಇದೆ. ಬೋರ್‌ವೆಲ್ ಕೈಕೊಟ್ಟ ವರ್ಷವೂ ನಮ್ಮ ಮನೆಗಳಲ್ಲಿ ನಾಲ್ಕು ಕಾಸು ಓಡಾಡುವುದು ಡೇರಿಗೆ ಹಾಕಿದ ಹಾಲಿನಿಂದ. ಆ ಹಾಲು ಬರಬೇಕಾದರೆ ಹಸು ಹೊತ್ತಿಗೆ ಸರಿಯಾಗಿ ಗಬ್ಬ ನಿಲ್ಲಬೇಕು. ಎರಡು ಸಲ ಸೆಮೆನ್ ಹಾಕಿಸಿದ್ದು ನಿಲ್ಲಲಿಲ್ಲ ಅಂದಕೂಡಲೇ ನಾವು ಮಾಡುವುದೇನು? "ಸಾರ್, ಗರ್ಭಕೋಶಕ್ಕೆ ಔಷಧಿ ಬಿಟ್ಟುಬಿಡಿ" ಅಂತ ನಾವೇ ಒತ್ತಾಯ ಮಾಡುತ್ತೇವೆ. ಈ ಒತ್ತಾಯದ ಬಗ್ಗೆಯೇ ನಿನಗೊಂದು ಮಾತು ಹೇಳಬೇಕು.

ಹಸು ಈದಾಗ ಗರ್ಭಕೋಶದ ಬಾಯಿ ಅಗಲವಾಗಿ ತೆರೆದಿರುತ್ತದೆ. ಸಗಣಿ, ಗಂಜಲ, ನೆಲದ ಕೆಸರು, ಎಳೆದವರ ಕೈ, ಎಲ್ಲದರಿಂದಲೂ ಸೂಕ್ಷ್ಮಾಣುಗಳು ಒಳಗೆ ಹೋಗುತ್ತವೆ. ಈದ ಮೊದಲೆರಡು ವಾರ ಹೆಚ್ಚುಕಡಿಮೆ ಎಲ್ಲ ಹಸುಗಳ ಗರ್ಭಕೋಶದಲ್ಲೂ ಅವು ಇದ್ದೇ ಇರುತ್ತವೆ. ಮೊದಲ ವಾರ ಸಗಣಿಯಲ್ಲಿರುವ ಇ. ಕೊಲೈ ಮುಂದೆ ನಿಂತು ಒಳಪದರವನ್ನು ಕೆಡಿಸುತ್ತದೆ. ಆಮೇಲೆ ಟ್ರೂಪರೆಲ್ಲಾ ಪಯೋಜಿನಿಸ್ ಎಂಬ ಕೀವು ಮಾಡುವ ಸೂಕ್ಷ್ಮಾಣು, ಗಾಳಿ ಬೇಡದ ಫ್ಯೂಸೊಬ್ಯಾಕ್ಟೀರಿಯಂನಂಥವು ಸೇರಿಕೊಳ್ಳುತ್ತವೆ. ಆದರೂ ಬಹುತೇಕ ಹಸುಗಳು ತಾವೇ ಒಳಗನ್ನು ತೊಳೆದುಕೊಂಡುಬಿಡುತ್ತವೆ. ಗರ್ಭಕೋಶ ಕುಗ್ಗಿ ಮೊದಲಿನ ಗಾತ್ರಕ್ಕೆ ಬರಲು ಸುಮಾರು 40 ದಿನ ಬೇಕು. ಅಷ್ಟರೊಳಗೆ ಎರಡು ವಾರ ಕೆಂಪು, ಕಂದು ಲೋಳೆ ಬಿದ್ದರೆ, ಅದಕ್ಕೆ ಕೆಟ್ಟ ವಾಸನೆ ಇಲ್ಲದಿದ್ದರೆ, ಹಸು ಮೇವು ತಿನ್ನುತ್ತಿದ್ದರೆ, ಸುಮ್ಮನಿರು. ಅದು ರೋಗವಲ್ಲ.

ನೀರುನೀರಾದ ಕೆಂಗಂದು ಸ್ರಾವ, ಮೂಗು ಮುಚ್ಚುವಂಥ ನಾತ, 103 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಹಾಲು ಒಮ್ಮೆಗೇ ಇಳಿದದ್ದು, ಮೇವು ಬಿಟ್ಟದ್ದು ಕಂಡರೆ ಮಾತ್ರ ಒಂದು ಗಂಟೆಯೂ ಕಾಯಬೇಡ. ಆಗ ಆ್ಯಂಟಿಬಯೋಟಿಕ್ ಬೇಕೇ ಬೇಕು. ಬೇರು, ಕಷಾಯ ಅಂತ ಕೂತರೆ ಹಸು ಹೋಗುತ್ತದೆ. ನಾನು ಔಷಧಿಯ ವಿರೋಧಿಯಲ್ಲ. ಅದು ನಿಜವಾಗಿ ಬೇಕಾದ ದಿನ ಕೆಲಸ ಮಾಡಬೇಕು ಅನ್ನುವವನು.

ಈಗೀಗ ಆ ದಿನವೇ ಅದು ಕೈಕೊಡುತ್ತಿದೆ. ಮೆಕ್ಕೆಜೋಳದ ಸುಳಿಗೆ ಬಿದ್ದ ಹುಳುವಿಗೆ ಅರ್ಧ ಡೋಸ್ ಹೊಡೆದರೆ ಬಲಹೀನ ಹುಳು ಸತ್ತು ಗಟ್ಟಿ ಹುಳು ಉಳಿಯುತ್ತದೆ, ಮುಂದಿನ ಸಂತಾನವೆಲ್ಲ ಅದರದ್ದೇ. ಒಳಗಿನ ಸೂಕ್ಷ್ಮಾಣುಗಳದೂ ಇದೇ ಕಥೆ, ಆದರೆ ಅವು ಒಂದು ಹೆಜ್ಜೆ ಮುಂದೆ. ಔಷಧಿಯನ್ನು ಮುರಿಯುವ ವಿದ್ಯೆಯನ್ನು ಒಂದು ಜಾತಿಯದು ಇನ್ನೊಂದು ಜಾತಿಗೂ ದಾಟಿಸಬಲ್ಲದು. ಗರ್ಭಕೋಶದಲ್ಲಿ ಕಲಿತದ್ದು ಸಗಣಿಗೆ ಬರುತ್ತದೆ, ತಿಪ್ಪೆಗೆ ಬರುತ್ತದೆ, ಹೊಲಕ್ಕೆ ಹೋಗುತ್ತದೆ, ಕರೆಯುವವರ ಕೈಗೂ ಅಂಟುತ್ತದೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಈ ಅರೆಬರೆ ಡೋಸಿನ ಅಪಾಯ ಹೇಳಿದ್ದರು. ಎಂಬತ್ತು ವರ್ಷದ ಹಿಂದಿನ ಮಾತು.

ಇನ್ನೊಂದು ವಿಷಯದ ಬಗ್ಗೆ ಡೇರಿ ಕಟ್ಟೆಯ ಮೇಲೆ ಯಾರೂ ಮಾತಾಡುವುದಿಲ್ಲ. ಹಸುವಿಗೆ ಚುಚ್ಚುವ ಸೆಫ್ಟಿಯೊಫರ್, ನಮ್ಮ ಆಸ್ಪತ್ರೆಗಳಲ್ಲಿ ಮನುಷ್ಯರಿಗೆ ಕೊಡುವ ಸೆಫ್ಟ್ರಿಯಾಕ್ಸೋನ್‌ನ ಮನೆತನದ್ದೇ. ಎನ್ರೋಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್‌ನ ಮನೆತನದ್ದು. ಎರಡೂ ಮನೆತನಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರಿಗೆ ಅತಿಮುಖ್ಯವಾದ ಔಷಧಿಗಳ ಪಟ್ಟಿಯ ಮೇಲ್ತುದಿಯಲ್ಲಿ ಇಟ್ಟಿದೆ. ಕೊಟ್ಟಿಗೆಯಲ್ಲಿ ಅವನ್ನು ಹಾಳುಮಾಡಿಕೊಂಡರೆ ಬಾಣಂತಿಗೂ ಕೂಸಿಗೂ ಉಳಿಯುವುದೇನು? ಮನುಷ್ಯರಿಗೆ ಕಡೆಯ ಅಸ್ತ್ರವಾದ ಕೊಲಿಸ್ಟಿನ್ ಅನ್ನು ಇದೇ ಕಾರಣಕ್ಕೆ 2019ರಲ್ಲಿ ಕೇಂದ್ರ ಸರ್ಕಾರ ಪಶು, ಕೋಳಿ, ಮೀನು ಸಾಕಣೆಯಲ್ಲಿ ನಿಷೇಧಿಸಿತು.

ಗಬ್ಬ ನಿಲ್ಲದ ಹಸುವಿನ ವಿಚಾರಕ್ಕೆ ಬರೋಣ. ಮೂರು ಸಲ ಸೆಮೆನ್ ಹಾಕಿಸಿದರೂ ಮತ್ತೆ 21 ದಿನಕ್ಕೆ ಬೆದೆಗೆ ಬಂದರೆ ಅದನ್ನು ತಿರುಗುವ ಹಸು ಅನ್ನುತ್ತಾರೆ. ಅದಕ್ಕೆ ಸೋಂಕೊಂದೇ ಕಾರಣ ಅಂತ ತಿಳಿಯಬೇಡ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಗೆ ಸೆಮೆನ್ ಹಾಕಿಸಬೇಕು. ಡೇರಿಗೆ ಹೊರಟ ಹೊತ್ತಿಗೆ ಅನುಕೂಲ ಅಂತ ಮುಂಚೆಯೇ ಹಾಕಿಸಿ ಕೆಡಿಸಿಕೊಂಡವರು ಬಹಳ. ನಮ್ಮ ಬಯಲುಸೀಮೆಯ ಬೇಸಿಗೆ, ಬರೀ ಒಣ ಜೋಳದ ಸಪ್ಪೆ, ಲವಣ ಮಿಶ್ರಣ ಇಲ್ಲದ ಗೋದಲಿ, ಇವೂ ಗಬ್ಬ ನಿಲ್ಲಲು ಬಿಡುವುದಿಲ್ಲ. ಇಂಥ ಹಸುವಿಗೆ ಔಷಧಿ ಬಿಡಿಸಿದರೆ ದುಡ್ಡೂ ಹೋಯಿತು, ಔಷಧಿಯ ಬಲವೂ ಹೋಯಿತು.

ಸೋಂಕು ಇದೆಯೋ ಇಲ್ಲವೋ ನೋಡಲು ಪಶುವೈದ್ಯರ ಬಳಿ ದಾರಿಗಳಿವೆ. ಬೆದೆಯ ದಿನದ ಲೋಳೆ ಗಾಜಿನಂತೆ ತಿಳಿಯಾಗಿರಬೇಕು. ಬಿಳಿ ಎಳೆ, ಕೀವಿನ ಚೂರು ಕಂಡರೆ ಅನುಮಾನ ಪಡಬೇಕು. ಕಣ್ಣಿಗೆ ತಿಳಿಯಾಗಿ ಕಂಡರೂ ಒಳಗೆ ಉರಿ ಇರಬಹುದು. ಅದಕ್ಕೆ ವೈಟ್ ಸೈಡ್ ಪರೀಕ್ಷೆ ಅಂತಿದೆ: ಲೋಳೆಗೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಬೆರೆಸಿ ಕುದಿಸುತ್ತಾರೆ, ಹಳದಿಗೆ ತಿರುಗಿದರೆ ಸೋಂಕಿನ ಗುರುತು. ಅದಕ್ಕಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ ಪರೀಕ್ಷೆ. ಲೋಳೆಯಲ್ಲಿರುವ ಸೂಕ್ಷ್ಮಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಬೇರೆಬೇರೆ ಔಷಧಿಯ ಬಿಲ್ಲೆ ಇಟ್ಟು, ಯಾವ ಬಿಲ್ಲೆಯ ಸುತ್ತ ಅದು ಬೆಳೆಯಲಿಲ್ಲ ಅಂತ ನೋಡುತ್ತಾರೆ. ಎರಡು ಮೂರು ದಿನ ಹಿಡಿಯುತ್ತದೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಮಗೆ ದೂರವಲ್ಲ. ಹೆಬ್ಬಾಳದಲ್ಲಿ ಸರ್ಕಾರದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯೇ ಇದೆ. ಮಾದರಿ ತೆಗೆದು ಕಳಿಸುವುದು ಡಾಕ್ಟರ ಕೆಲಸ, ಕೇಳುವುದು ನಿನ್ನ ಕೆಲಸ. ಬೆದೆಗೂ ಬೆದೆಗೂ ನಡುವೆ 21 ದಿನ ಇದೆಯಲ್ಲ, ಅವಸರ ಏತಕ್ಕೆ?

ಆ್ಯಂಟಿಬಯೋಟಿಕ್ ಇಲ್ಲದೆಯೂ ಗರ್ಭಕೋಶ ಶುದ್ಧಿಯಾಗುವ ದಾರಿ ಇದೆ. ಬೆದೆಯ ಹೊತ್ತಿಗೆ ಬಾಯಿ ತೆರೆದು ಲೋಳೆ ಹೊರಬೀಳುತ್ತದೆ, ಮೈಯ ರಕ್ಷಣಾಶಕ್ತಿಯೂ ಅಲ್ಲಿ ಚುರುಕಾಗುತ್ತದೆ. ಅಂಡಾಶಯ ನೋಡಿ, ತಕ್ಕ ಹಸುವಿಗೆ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಕೊಟ್ಟು ಬೆದೆಗೆ ತರಿಸುತ್ತಾರೆ. ಇದನ್ನು ಡಾಕ್ಟರೇ ಪರೀಕ್ಷೆ ಮಾಡಿ ಕೊಡಬೇಕು. ಗಬ್ಬದ ಹಸುವಿಗೆ ಬಿದ್ದರೆ ಕಂದು ಹಾಕುತ್ತದೆ.

ಇನ್ನು ಕಸ, ಅಂದರೆ ಮಾಸು, ಬೀಳದ ವಿಷಯ. ಈದ 12 ಗಂಟೆಯೊಳಗೆ ಕಸ ಬೀಳಬೇಕು. ಬೀಳಲಿಲ್ಲ ಅಂತ ತೂಗುತ್ತಿರುವುದಕ್ಕೆ ಕಲ್ಲು, ಹಳೇ ಚಪ್ಪಲಿ ಕಟ್ಟುವ ಚಾಳಿ ಬಿಡು. ಕೈ ಹಾಕಿ ಎಳೆಯುವುದನ್ನೂ ಬಿಡು, ಒಳಪದರ ಹರಿದು ಸೋಂಕಿಗೆ ಬಾಗಿಲು ತೆರೆಯುತ್ತದೆ. ಆರನೆಯ ತಿಂಗಳು ದಾಟಿದ ಮೇಲೆ ಕಂದು ಹಾಕಿದ ಹಸುವನ್ನಂತೂ ಬರಿಗೈಯಲ್ಲಿ ಮುಟ್ಟಲೇಬೇಡ. ಅದು ಬ್ರುಸೆಲ್ಲಾ ಇರಬಹುದು. ಮನುಷ್ಯರಿಗೆ ಬಂದರೆ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು, ತಿಂಗಳುಗಟ್ಟಲೆ. ಕಸವನ್ನು ಸುಣ್ಣ ಹಾಕಿ ಆಳವಾಗಿ ಹೂಳು, ನಾಯಿಗೆ ಎಸೆಯಬೇಡ. ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಒಂದೇ ಸಲ ಹಾಕಿಸುವ ಲಸಿಕೆ ಇದೆ, ಸರ್ಕಾರವೇ ಹಾಕುತ್ತದೆ. ಊರಹೋರಿಗೆ ಬಿಡುವ ಆಸೆಯೂ ಬೇಡ. ಕ್ಯಾಂಪೈಲೊಬ್ಯಾಕ್ಟರ್, ಟ್ರೈಕೊಮೊನಾಸ್ ಒಂದು ಹೋರಿಯಿಂದ ಊರ ಹಸುಗಳಿಗೆಲ್ಲ ಹರಡಬಲ್ಲವು, ಅದರ ಮೈಮೇಲೆ ಏನೂ ಕಾಣುವುದಿಲ್ಲ.

ಈಯುವ ಜಾಗಕ್ಕೆ ಒಣ ಹುಲ್ಲು ಹಾಸು. ಎಳೆಯುವ ಪ್ರಸಂಗ ಬಂದರೆ ಸೋಪು ಹಾಕಿ ತೊಳೆದ ಕೈ, ಗ್ಲೌಸು. ಇಷ್ಟು ಮಾಡಿದರೆ ಅರ್ಧ ಔಷಧಿ ಬೇಕಾಗುವುದೇ ಇಲ್ಲ.

ಔಷಧಿ ಕೊಟ್ಟೆಯೋ, ಹೇಳಿದಷ್ಟು ದಿನ ಪೂರ್ತಿ ಕೊಡು. ಎರಡನೇ ದಿನಕ್ಕೆ ಹಸು ಮೇಯಿತು ಅಂತ ನಿಲ್ಲಿಸಬೇಡ. ಆ ದಿನಗಳ ಹಾಲನ್ನೂ ಔಷಧಿ ನಿಲ್ಲಿಸಿದ ಮೇಲಿನ ಕೆಲವು ದಿನಗಳ ಹಾಲನ್ನೂ ಡೇರಿಗೆ ಹಾಕಬೇಡ. ಡಬ್ಬಿಯ ಮೇಲೆ ಎಷ್ಟು ದಿನ ಅಂತ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಅನ್ನುವುದು ದೇಶದ ಔಷಧ ನಿಯಮ. ಗರ್ಭಕೋಶಕ್ಕೆ ಬಿಟ್ಟದ್ದು ಹಾಲಿಗೆ ಬರುವುದಿಲ್ಲ ಅನ್ನುವವರ ಮಾತು ಕೇಳಬೇಡ, ರಕ್ತಕ್ಕೆ ಸೇರಿ ಬರುತ್ತದೆ. ನಷ್ಟ ನಿಜ. ಹೆಪ್ಪು ಹಾಕಿದರೆ ಮೊಸರೂ ಆಗದ ಹಾಲನ್ನು ಇನ್ನೊಬ್ಬರ ಮಗುವಿಗೆ ಕುಡಿಸುವುದೂ ಅಷ್ಟೇ ನಿಜ.

ಒಂದು ನೋಟ್‌ಬುಕ್ ಇಡು. ಈದ ದಿನ, ಕಸ ಬಿದ್ದ ಹೊತ್ತು, ಬೆದೆಯ ದಿನ, ಯಾವ ಔಷಧಿ, ಎಷ್ಟು ದಿನ. ಡಾಕ್ಟರು ಬಂದಾಗ ಮೊದಲು ಅದನ್ನು ಅವರ ಕೈಗೆ ಕೊಡು. ಮೆಡಿಕಲ್ ಶಾಪಿನವರನ್ನು ಕೇಳಿ ತಂದು ನೀನೇ ಚುಚ್ಚಬೇಡ. ಯಾರೂ ಸಿಗದಿದ್ದರೆ ಪಶು ಸಹಾಯವಾಣಿ 1962, ಕೊಟ್ಟಿಗೆ ಗೋಡೆಯ ಮೇಲೆ ಬರೆದಿಟ್ಟುಕೋ.