ಚಳಿಗಾಲದಲ್ಲಿ ಬೆದರುವ ತಟ್ಟು: ಚಾಟಿಗೆ ಮೊದಲು ಮೇವು ನೋಡಿ

ಕಬ್ಬಿನ ಹಂಗಾಮು ಶುರುವಾಗಿ, ಹಿಂಗಾರಿ ಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಕುರಿಗಾರರಿಂದಲೂ ಕುದುರೆಗಾಡಿ ಇಟ್ಟುಕೊಂಡ ರೈತರಿಂದಲೂ ಒಂದೇ ದೂರು ಕೇಳಿಬರುತ್ತದೆ. ಮಳೆಗಾಲವೆಲ್ಲ ಹೇಳಿದ ಮಾತು ಕೇಳುತ್ತಿದ್ದ ತಟ್ಟು ಈಗ ಗಾಳಿಗೆ ಹಾರಿದ ಗೊಬ್ಬರದ ಚೀಲ ಕಂಡರೆ ಪಕ್ಕಕ್ಕೆ ಜಿಗಿಯುತ್ತದೆ. ಹೇರು ಹಾಕುವಾಗ ಕಿವಿ ಹಿಂದಕ್ಕೆ ಮಲಗಿಸಿ ಕಚ್ಚಲು ಬರುತ್ತದೆ. ಸಂಜೆ ರಸ್ತೆಗೆ ಇಳಿಸಿದರೆ ಹಗ್ಗ ಕಿತ್ತುಕೊಂಡು ಓಡುತ್ತದೆ. ‘ಸೊಕ್ಕು ಬಂದೈತ್ರಿ’ ಎಂದು ಚಾಟಿ ಹಿಡಿಯುವವರೇ ಹೆಚ್ಚು.

ಚಾಟಿ ಕೆಳಗಿಡಿ ಎಂಬುದೇ ಈ ಲೇಖನದ ಮೊದಲ ವಿನಂತಿ. ತಟ್ಟು ಹೀಗೆ ಬದಲಾದಾಗ ಬಹುತೇಕ ಮೂರರಲ್ಲೊಂದು ಕಾರಣವಿರುತ್ತದೆ. ಮೇವಿಗೂ ಕೆಲಸಕ್ಕೂ ಲೆಕ್ಕ ತಪ್ಪಿರುತ್ತದೆ, ಇಲ್ಲವೇ ಮೈಯಲ್ಲಿ ಎಲ್ಲೋ ನೋವಿರುತ್ತದೆ, ಅದೂ ಅಲ್ಲದಿದ್ದರೆ ಸುತ್ತಲಿನ ಸದ್ದು ಬೆಳಕು ಅದಕ್ಕೆ ಹೊಸದಾಗಿರುತ್ತದೆ. ಇದಾವುದನ್ನೂ ನೋಡದೆ ಹೊಡೆದರೆ ‘ಟ್ರ್ಯಾಕ್ಟರ್ ಬಂದಾಗ ಏಟು ಬೀಳುತ್ತದೆ’ ಎಂಬುದನ್ನು ಮಾತ್ರ ಅದು ಕಲಿಯುತ್ತದೆ. ಮುಂದಿನ ಸಲ ಎಂಜಿನ್ ಸದ್ದು ದೂರದಲ್ಲಿ ಕೇಳಿದರೂ ಸಾಕು, ಓಟ ಕೀಳುತ್ತದೆ.

ಕಟ್ಟಿ ಹಾಕಿದ ದಿನ ಕಾಳು ಬೇಡ

ಮೊದಲು ಮೇವಿನ ಲೆಕ್ಕ. ಕುರಿಗಾರರ ತಟ್ಟು ಬಿಡಾರ ಕೀಳುವ ದಿನ ಸಂಸಾರವನ್ನೆಲ್ಲ ಹೊರುತ್ತದೆ: ಗುಡಾರ, ಪಾತ್ರೆ, ಕಂಬಳಿ, ನಡೆಯಲಾರದ ಕುರಿಮರಿ. ಫಸಲು ತೆಗೆದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವ ದಿನಗಳಲ್ಲಿ ಬಿಡಾರ ಒಂದೇ ಊರಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಆಗ ತಟ್ಟಿಗೆ ಕೆಲಸವಿಲ್ಲ. ಆದರೆ ಹೊಲದವರು ಕೊಟ್ಟ ಜೋಳ, ಗೋವಿನಜೋಳ ಬಿಡಾರದಲ್ಲಿ ಸಾಕಷ್ಟಿರುತ್ತದೆ, ‘ಚಳಿ ಐತಿ, ತಿನ್ನಲಿ’ ಎಂದು ತೋಬರೆ ತುಂಬ ಹಾಕುತ್ತಾರೆ. ಗಾಡಿಯವರ ಮನೆಯಲ್ಲೂ ಇದೇ ಕಥೆ. ಕೆಲಸದಲ್ಲಿ ಕರಗಬೇಕಾದ ಕಸುವು ಒಳಗೇ ಉಳಿದು, ಚಿಕ್ಕ ಸದ್ದಿಗೂ ಹೊರಗೆ ಸಿಡಿಯುತ್ತದೆ.

ಕಾಳು ಮೈಗೆ ಬೆಚ್ಚಗೆ ಎಂಬ ನಂಬಿಕೆಯನ್ನು ಇಲ್ಲಿ ತಿದ್ದಿಕೊಳ್ಳಬೇಕು. ಕುದುರೆ ಜಾತಿಗೆ ಒಳಗಿನಿಂದ ಬೆಚ್ಚಗಿಡುವುದು ಒಣಮೇವು. ನಾರಿನ ಮೇವು ದೊಡ್ಡ ಕರುಳಿನಲ್ಲಿ ನಿಧಾನವಾಗಿ ಹುದುಗುವಾಗ ಗಂಟೆಗಟ್ಟಲೆ ಶಾಖ ಹುಟ್ಟುತ್ತದೆ. ಅದರ ಹೊಟ್ಟೆಯಾದರೋ ಮೈಗಾತ್ರಕ್ಕೆ ಚಿಕ್ಕದು, ಮೇವು ಬಿದ್ದರೂ ಬೀಳದಿದ್ದರೂ ಆಮ್ಲ ಸುರಿಯುತ್ತಲೇ ಇರುತ್ತದೆ. ಸಂಜೆ ಒಂದು ತೋಬರೆ ಕಾಳು ಹಾಕಿ, ರಾತ್ರಿಯಿಡೀ ಬರಿಬಾಯಿಯಲ್ಲಿ ಕಟ್ಟಿದರೆ ಹೊಟ್ಟೆಯ ಗೋಡೆಯಲ್ಲಿ ಹುಣ್ಣಾಗುತ್ತದೆ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಎಷ್ಟೋ ತಟ್ಟುಗಳಿಗೆ ಇರುವುದು ಈ ಹುಣ್ಣಿನ ನೋವೇ.

ಎಷ್ಟು ಹಾಕಬೇಕು ಎಂದು ತಿಳಿಯಲು ತೂಕ ಗೊತ್ತಿರಬೇಕು. ತಕ್ಕಡಿ ಬೇಡ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ ಉದ್ದ ಹಿಡಿಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ತೂಕ ಸಿಗುತ್ತದೆ. ಸುತ್ತಳತೆ 135, ಉದ್ದ 130 ಇದ್ದರೆ ತೂಕ ಸುಮಾರು 200 ಕಿಲೋ.

ಇಂಥ 200 ಕಿಲೋ ತಟ್ಟಿಗೆ ದಿನಕ್ಕೆ 4 ಕಿಲೋದಷ್ಟು ಒಣಮೇವು ಬೇಕು, ಏನಾದರೂ 3 ಕಿಲೋಗಿಂತ ಇಳಿಯಬಾರದು. ಕಣಿಕೆ, ಒಣಹುಲ್ಲು, ಶೇಂಗಾ ಬಳ್ಳಿ ಯಾವುದಾದರೂ ಸರಿ, ಧೂಳು ಕೊಡವಿ ಹಾಕಿ. ಹೆಚ್ಚಿನ ಪಾಲು ರಾತ್ರಿಗಿರಲಿ. ಕೆಲಸವಿಲ್ಲದ ದಿನ ಕಾಳು ನಿಲ್ಲಿಸಿ, ನಿಲ್ಲಿಸಲು ಮನಸ್ಸಾಗದಿದ್ದರೆ ಒಂದು ಹಿಡಿ ನೆನೆಸಿ ಬೇಯಿಸಿದ ಹುರುಳಿ ಸಾಕು. ಹೊರೆ ಹೊರುವ ದಿನವೂ ಒಂದು ಹೊತ್ತಿಗೆ ಅರ್ಧ ಕಿಲೋ ಕಾಳಿನ ನುಚ್ಚು ದಾಟಬೇಡಿ, ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಎರಡು ಹೊತ್ತಿಗೆ ಹಂಚಿ. ಸಣ್ಣ ಕರುಳಿನಲ್ಲಿ ಅರಗದೆ ಉಳಿದ ಕಾಳು ದೊಡ್ಡ ಕರುಳಿಗೆ ಇಳಿದರೆ ಅಲ್ಲಿ ಹುಳಿಯಾಗಿ ಹೊಟ್ಟೆಶೂಲೆ ತರುತ್ತದೆ, ಗೊರಸಿನ ಒಳಗೆ ಉರಿಯೂತವನ್ನೂ ಎಬ್ಬಿಸುತ್ತದೆ. ವೈದ್ಯರು ಇದನ್ನು ಲ್ಯಾಮಿನೈಟಿಸ್ ಎನ್ನುತ್ತಾರೆ. ದಪ್ಪಗಾದ ತಟ್ಟುಗಳಿಗೆ ಇದು ಬೇಗ ತಗಲುತ್ತದೆ.

ಹೊಟ್ಟೆ ತುಂಬ ಕಾಳು ತಿಂದು ಕೆಲವು ದಿನ ನಿಂತ ತಟ್ಟನ್ನು ಒಮ್ಮೆಲೆ ದೂರ ಹೊಡೆದರೆ ಇನ್ನೊಂದು ಆಪತ್ತಿದೆ. ಅರ್ಧ ದಾರಿಯಲ್ಲಿ ಬೆವರು ಕಿತ್ತು ಬಂದು, ಹಿಂಭಾಗದ ಸ್ನಾಯು ಕಲ್ಲಿನಂತೆ ಬಿಗಿದು ಅದು ನಿಂತುಬಿಡುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಹಟ ಎಂದು ಹೊಡೆದು ನಡೆಸಿದರೆ ಸ್ನಾಯು ಇನ್ನಷ್ಟು ಹಾಳಾಗಿ ಮೂತ್ರಪಿಂಡಕ್ಕೂ ಏಟು. ಅಲ್ಲೇ ಹೇರು ಇಳಿಸಿ, ಕಂಬಳಿ ಹೊದಿಸಿ, ನೀರು ಕೊಟ್ಟು ವೈದ್ಯರನ್ನು ಕರೆಸಿ. ಬಿಡಾರ ನಿಂತ ದಿನಗಳಲ್ಲೂ ತಟ್ಟನ್ನು ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು ಕೈಯಲ್ಲಿ ಹಿಡಿದು ನಡೆಸುತ್ತಿದ್ದರೆ ಈ ಆಪತ್ತೂ ತಪ್ಪುತ್ತದೆ, ಬೆದರಿಕೆಯೂ ಇಳಿಯುತ್ತದೆ. ಒಂದೇ ಒಂದು ಬದಲಾವಣೆ ಮಾಡಲು ಸಾಧ್ಯ ಎನ್ನುವವರಿಗೆ ನಾನು ಹೇಳುವುದು ಈ ದಿನದ ನಡಿಗೆಯನ್ನೇ.

ಬೂಷ್ಟು ಹಿಡಿದ ಗೋವಿನಜೋಳ

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮಳೆಗೆ ನೆನೆದ ತೆನೆ, ಬೂಷ್ಟು ಹಿಡಿದ ಗೋವಿನಜೋಳ ‘ಮಾರಾಟಕ್ಕೆ ಬರುವುದಿಲ್ಲ, ಕುದುರೆಗೆ ಹಾಕೋಣ’ ಎಂದು ತೋಬರೆ ಸೇರುತ್ತದೆ. ಇಂಥ ಕಾಳಿನಲ್ಲಿ ಫ್ಯುಸೇರಿಯಂ ಶಿಲೀಂಧ್ರ ಬಿಡುವ ಫ್ಯುಮೋನಿಸಿನ್ ವಿಷ ದನಕ್ಕಿಂತ ಕುದುರೆಗೆ ಬಹಳ ಕಟು, ಅದು ಮಿದುಳನ್ನೇ ಕರಗಿಸುತ್ತದೆ. ತಟ್ಟು ಕಾರಣವಿಲ್ಲದೆ ಬೆಚ್ಚುವುದು, ಗೋಡೆಗೆ ತಲೆಯೊತ್ತಿ ನಿಲ್ಲುವುದು, ಒಂದೇ ಕಡೆ ಸುತ್ತುವುದು, ಕಣ್ಣು ಕಾಣದಂತೆ ಮುಗ್ಗರಿಸುವುದು ಇದರ ಗುರುತು. ಗುರುತು ಕಂಡ ಮೇಲೆ ಉಳಿಯುವುದು ಅಪರೂಪ. ಕೆಟ್ಟ ಕಾಳನ್ನು ತಿಪ್ಪೆಗೆ ಹಾಕಿ.

ಹಿಂಗಾರಿ ಜೋಳದ ಹಸಿ ಪೈರಿಗೂ ತಟ್ಟನ್ನು ಬಿಡಬೇಡಿ. ಎಳೆ ಪೈರಿನ ವಿಷ ಇದಕ್ಕೂ ಕೆಟ್ಟದ್ದು. ವಾರಗಟ್ಟಲೆ ಹಸಿ ಜೋಳ ಮೇಯ್ದ ಕುದುರೆಗಳ ಹಿಂಗಾಲು ತೂರಾಡುತ್ತವೆ, ಮೂತ್ರ ತೊಟ್ಟಿಕ್ಕುತ್ತದೆ. ಬಲಿತು ಚೆನ್ನಾಗಿ ಒಣಗಿದ ಕಣಿಕೆ ತೊಂದರೆ ಮಾಡದು. ಕೋಳಿ ಆಹಾರ ಉಳಿಯಿತೆಂದು ಹಾಕುವುದಂತೂ ಬೇಡವೇ ಬೇಡ. ಅದರಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆತಿದ್ದರೆ ಕುದುರೆಯ ಹೃದಯ ನಿಲ್ಲುತ್ತದೆ.

ನೀರಿನ ವಿಷಯ ಚಿಕ್ಕದು, ಮರೆಯುವವರು ಬಹಳ. ಚಳಿಯಲ್ಲಿ ತಟ್ಟು ತಣ್ಣೀರು ಮುಟ್ಟುವುದು ಕಡಿಮೆ, ಒಣಮೇವು ಹೆಚ್ಚಾದಾಗ ಲದ್ದಿ ಗಟ್ಟಿಯಾಗಿ ಕರುಳಲ್ಲೇ ನಿಲ್ಲುತ್ತದೆ. ಬೋರಿನಿಂದ ಆಗಷ್ಟೇ ಬಂದ ನೀರು ಸ್ವಲ್ಪ ಬೆಚ್ಚಗಿರುತ್ತದೆ, ಬೆಳಿಗ್ಗೆ ಅದನ್ನು ಕೊಡಿ. ದಿನಕ್ಕೆ 10ರಿಂದ 15 ಲೀಟರ್ ಒಳಗೆ ಹೋಗಬೇಕು. 20 ಗ್ರಾಂ ಉಪ್ಪು ಮೇವಿಗೆ ಚಿಮುಕಿಸಿದರೆ ತಾನಾಗಿ ಕುಡಿಯುತ್ತದೆ.

ಎಲ್ಲಿ ನೋಯುತ್ತಿದೆ?

ಮೇವು ಸರಿಪಡಿಸಿದ ಮೇಲೂ ಬೆದರಿಕೆ ಇಳಿಯದಿದ್ದರೆ ಮೈ ತಡವಿ ನೋಡಿ. ಮೊದಲು ಕಣ್ಣು. ಒಂದೇ ಬದಿಯಿಂದ ಬಂದದ್ದಕ್ಕೆ ಮಾತ್ರ ಬೆದರಿದರೆ ಆ ಬದಿಯ ಕಣ್ಣಿನ ಮೇಲೆ ಅನುಮಾನ ಪಡಿ. ನೀರು ಸೋರುವುದು, ಬಿಸಿಲಿಗೆ ರೆಪ್ಪೆ ಮುಚ್ಚುವುದು, ಗುಡ್ಡೆಯ ಮೇಲೆ ನೀಲಿ ಮಬ್ಬು ಇದ್ದರೆ ಅದೇ ದಿನ ಚಿಕಿತ್ಸೆ ಆಗಬೇಕು. ತಡವಾದರೆ ಕಣ್ಣು ಹೋಗುತ್ತದೆ.

ಆಮೇಲೆ ಬೆನ್ನು. ಹಗಲು ಕಿರಿದಾಗುತ್ತಿದ್ದಂತೆ ಕುದುರೆಗೆ ಚಳಿಗಾಲದ ದಟ್ಟ ರೋಮ ಬರುತ್ತದೆ, ಮೈಯೂ ತುಂಬಿರುತ್ತದೆ. ಬೇಸಿಗೆಯಲ್ಲಿ ಸರಿಹೋಗಿದ್ದ ಜೀನು ಈಗ ಹೆಗಲಿನ ಬಳಿ ಒತ್ತುತ್ತದೆ. ಜೀನು ಇಳಿಸಿದ ಕೂಡಲೇ ಬೆನ್ನು ನೋಡಿ. ಮೈಯೆಲ್ಲ ಬೆವತಿದ್ದರೂ ಒಂದು ಕಡೆ ರೋಮ ಒಣಗಿದ್ದರೆ ಒತ್ತು ಬೀಳುವುದು ಅಲ್ಲೇ. ಹಲ್ಲಿನ ಅಂಚು ಚೂಪಾಗಿ ಕೆನ್ನೆ ಗೀರುತ್ತಿದ್ದರೆ ಕಡಿವಾಣ ಎಳೆದಾಗಲೆಲ್ಲ ತಲೆ ಎತ್ತಿ ಒದರುತ್ತದೆ, ಅಗಿದ ಮೇವಿನ ಉಂಡೆ ಬಾಯಿಂದ ಬೀಳುತ್ತದೆ.

ಮಳೆಗಾಲದಲ್ಲಿ ರಕ್ತ ಹೀರುವ ದೊಡ್ಡ ನೊಣ ಕಚ್ಚಿ ಹರಡುವ ಸರ್ರಾ ರೋಗವೂ ಮಳೆ ನಿಂತ ಮೇಲೆ ಕಾಣಿಸಿಕೊಳ್ಳುತ್ತದೆ. ಬಂದು ಹೋಗುವ ಜ್ವರ, ಮೇವು ತಿಂದರೂ ಸೊರಗುವ ಮೈ, ಕಾಲಿನಲ್ಲೂ ಹೊಟ್ಟೆಯ ಕೆಳಗೂ ಬಾವು ಇದರ ಲಕ್ಷಣ, ರಕ್ತಪರೀಕ್ಷೆಯಲ್ಲಿ ಪತ್ತೆಯಾಗುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಲಸ ನಿಲ್ಲಿಸಿ.

ಒಂದೆರಡು ದಿನದಲ್ಲೇ ಸ್ವಭಾವ ಪೂರ್ತಿ ಬದಲಾಗಿ, ಸಿಕ್ಕದ್ದನ್ನು ಕಚ್ಚುತ್ತಾ, ಜೊಲ್ಲು ಸುರಿಸುತ್ತಾ, ನುಂಗಲಾರದೆ ಒದ್ದಾಡಿದರೆ ಹುಚ್ಚುನಾಯಿ ರೋಗ ಇರಬಹುದು. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕಲೇಬೇಡಿ. ಜೊಲ್ಲು ತಾಗಿದ್ದರೆ ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಬರಿ ಚಳಿಯ ಬಗ್ಗೆ ಅಷ್ಟು ಹೆದರಬೇಕಿಲ್ಲ. ಬೀದರ್, ವಿಜಯಪುರಗಳಲ್ಲಿ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಇಳಿದರೂ, ಹೊಟ್ಟೆ ತುಂಬಿದ, ಮೈ ಒಣಗಿದ ದೊಡ್ಡ ತಟ್ಟು ತಡೆದುಕೊಳ್ಳುತ್ತದೆ. ತಡೆಯದಿರುವುದು ಒದ್ದೆ ಮತ್ತು ಗಾಳಿ. ಬೆವತು ಬಂದರೆ ಒಣಹುಲ್ಲಿನಿಂದ ಉಜ್ಜಿ ಒಣಗಿಸಿ ಕಟ್ಟಿ. ಗಾಳಿ ಬರುವ ಕಡೆ ಕಣಿಕೆಯ ತಟ್ಟಿ ನಿಲ್ಲಿಸಿ. ಇಬ್ಬನಿಗೆ ತೊಯ್ದ ಕಂಬಳಿ ಹೊದಿಸುವುದಕ್ಕಿಂತ ಹೊದಿಸದಿರುವುದೇ ಲೇಸು. ಮೈ ತೊಳೆಯುವುದಿದ್ದರೆ ಮಧ್ಯಾಹ್ನದ ಬಿಸಿಲಲ್ಲಿ.

ಕಬ್ಬಿನ ಟ್ರ್ಯಾಕ್ಟರ್ ಬರುವ ದಾರಿ

ಕುದುರೆಯ ಕಣ್ಣು ತಲೆಯ ಎರಡು ಬದಿಗಿದೆ. ಹೆಚ್ಚುಕಡಿಮೆ ಸುತ್ತಲೂ ಅದಕ್ಕೆ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣದು. ಬೆಳಕಿನಿಂದ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅದಕ್ಕೆ ನಮಗಿಂತ ಹೆಚ್ಚು ಹೊತ್ತು ಬೇಕು. ಬೇಗ ಕತ್ತಲಾಗುವ ಈ ದಿನಗಳಲ್ಲಿ ಎರಡೆರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು, ಕಣ್ಣಿಗೆ ಲೈಟು ಹೊಡೆಯುತ್ತಾ ಬರುತ್ತದೆ. ಹೊಲದಲ್ಲಿ ರವದಿಗೆ ಬೆಂಕಿ ಇಟ್ಟಿರುತ್ತಾರೆ. ಕಟಾವಾಗುತ್ತಿರುವ ಕಬ್ಬಿನಿಂದ ಕಾಡುಹಂದಿ ಹೊರಬೀಳುತ್ತದೆ. ಗಾಳಿ ಬೀಸುವಾಗ ಸದ್ದು ಎತ್ತಣಿಂದ ಬಂತೆಂದು ಕಿವಿಗೂ ತಿಳಿಯುವುದಿಲ್ಲ. ಓಡಿ ಬದುಕುವ ಪ್ರಾಣಿ ಇಂಥಲ್ಲಿ ಓಡಲು ನೋಡುವುದು ಸಹಜ.

ಘಟಪ್ರಭಾ ದಂಡೆಯ ಬಿಡಾರವೊಂದರಲ್ಲಿ ಹಿರಿಯ ಕುರಿಗಾರರೊಬ್ಬರು ತಟ್ಟಿನ ಈ ಅಂಜಿಕೆ ಬಿಡಿಸುವುದನ್ನು ನೋಡಿದ್ದೇನೆ. ಕಬ್ಬಿನ ಟ್ರ್ಯಾಕ್ಟರ್ ಎದುರು ಬಂದೊಡನೆ ತಟ್ಟಿನ ಕಿವಿ ನೆಟ್ಟಗಾಯಿತು, ಮೂಗಿನ ಹೊಳ್ಳೆ ಅರಳಿತು, ಪಕ್ಕೆಯ ಚರ್ಮ ಅದುರತೊಡಗಿತು. ಹಗ್ಗ ಹಿಡಿದಿದ್ದ ಹುಡುಗ ಕೋಲೆತ್ತಿದ. “ಮುತ್ಯಾ, ಹೊಡಿಲೇನು?” “ಬ್ಯಾಡೋ ತಮ್ಮಾ. ಇದು ಓಡಿ ಹೋಗ್ತೈತಿ ಅಂತ ನಿನಗ ಅಂಜಿಕಿ, ಅದು ಮೈಮ್ಯಾಲ ಬರ್ತೈತಿ ಅಂತ ಇದಕ ಅಂಜಿಕಿ. ಮೊದಲ ನೋಡ್ಲಿ ಬಿಡು.” ಹಿರಿಯರು ಹಗ್ಗ ಸಡಿಲ ಬಿಟ್ಟು, ತಟ್ಟಿನ ಮುಖ ಟ್ರ್ಯಾಕ್ಟರಿನ ಕಡೆ ತಿರುಗಿಸಿ, ಅದರ ಭುಜದ ಪಕ್ಕ ನಿಂತರು. ಗಾಡಿ ದಾಟಿದ್ದೇ ತಡ, ಬೇರೆ ದಾರಿ ಹಿಡಿಯದೆ ಅದರ ಬೆನ್ನ ಹಿಂದೆಯೇ ತಟ್ಟನ್ನು ನಡೆಸಿದರು. ತಾನು ಬೆದರಿದ್ದೇ ತನ್ನಿಂದ ದೂರ ಹೋಗುತ್ತಿರುವುದನ್ನು ನೋಡುತ್ತಾ ನಡೆದ ತಟ್ಟು ಸ್ವಲ್ಪ ಹೊತ್ತಿಗೆ ತಲೆ ತಗ್ಗಿಸಿ, ಬಾಯಿ ಚಪ್ಪರಿಸಿತು. ಅಲ್ಲಿಗೆ ಆ ದಿನದ ಪಾಠ ನಿಲ್ಲಿಸಿದರು.

ಇದನ್ನು ಯಾರೂ ಮಾಡಬಹುದು. ಮನೆಯ ಅಂಗಳದಲ್ಲಿ, ಹಗಲಿನಲ್ಲಿ, ಹೇರಿಲ್ಲದೆ ಶುರುಮಾಡಿ. ನಿಂತ ಟ್ರ್ಯಾಕ್ಟರನ್ನು ಮೂಸಲಿ, ಮರುದಿನ ಎಂಜಿನ್ ಚಾಲೂ ಇರಲಿ, ಆಮೇಲೆ ಮುಂದೆ ಹೋಗುವ ಟ್ರ್ಯಾಕ್ಟರಿನ ಹಿಂದೆ ನಡೆಸಿ. ಕೋಲಿನ ತುದಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲಕ್ಕೂ ಇದೇ ಕ್ರಮ. ಪಾಠ ದಿನಕ್ಕೆ ಹತ್ತು ನಿಮಿಷ ಸಾಕು, ತಟ್ಟು ಶಾಂತವಾದಾಗಲೇ ಮುಗಿಸಬೇಕು. ಅಂಜದ ಹಳೆಯ ಕುದುರೆ ಜೊತೆಗಿದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡಿ, ತಟ್ಟು ಕಿತ್ತರೆ ಬೆರಳು ಹೋಗುತ್ತದೆ. ಮುಂಗಾಲು ಕಟ್ಟಿದ ತಟ್ಟನ್ನು ರಸ್ತೆ ಬದಿಗೆ ಬಿಡಬೇಡಿ, ಬೆದರಿದಾಗ ಓಡಲಾಗದೆ ಟಾರಿನ ಮೇಲೇ ಬೀಳುತ್ತದೆ. ಕತ್ತಲಲ್ಲಿ ಹೊರಡಲೇಬೇಕಾದರೆ ಹೇರಿನ ಹಿಂದೆ ಹೊಳೆಯುವ ಪಟ್ಟಿ ಅಂಟಿಸಿ.

ಮುಳ್ಳಿನ ಕಡಿವಾಣ, ಮೊಳೆ ಹೊಡೆದ ಕೋಲು ಬಳಸುವುದನ್ನು ಎಳೆಯುವ ಮತ್ತು ಹೊರುವ ಪ್ರಾಣಿಗಳ 1965ರ ನಿಯಮಗಳು ನಿಷೇಧಿಸುತ್ತವೆ. ತಟ್ಟಿನ ಬೆನ್ನ ಮೇಲಿನ ಹೇರಿಗೆ ಅದೇ ನಿಯಮಗಳು ಇಟ್ಟ ಮಿತಿ 70 ಕಿಲೋ. ಬಿಡಾರದ ಸಾಮಾನು ಕಟ್ಟುವಾಗ ಎರಡೂ ಬದಿಯ ಗಂಟನ್ನು ಒಮ್ಮೆ ಕೈಯಲ್ಲಿ ಎತ್ತಿ ತೂಗಿ ನೋಡಿ, ಒಂದು ಬದಿ ಜೋಲಿದರೂ ಬೆನ್ನು ನೋಯುತ್ತದೆ. ಜ್ವರ, ಕಣ್ಣಿನ ಮಬ್ಬು, ಕಾಫಿ ಬಣ್ಣದ ಮೂತ್ರ, ತೂರಾಟ ಇವುಗಳಲ್ಲಿ ಯಾವುದು ಕಂಡರೂ ಪಶು ಸಂಜೀವಿನಿಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಬಿಡಾರ ಎಲ್ಲಿ ಬಿಟ್ಟಿದ್ದೀರಿ, ತಟ್ಟು ಕೊನೆಗೆ ಏನು ತಿಂದಿತು, ಲದ್ದಿ ಯಾವಾಗ ಹಾಕಿತು ಎಂಬುದನ್ನು ಮೊದಲೇ ಹೇಳಿದರೆ ವೈದ್ಯರು ತಕ್ಕ ಔಷಧ ತರಲು ಅನುಕೂಲ.