ಖರೀದಿಗೆ ತಡೆ ಬಿದ್ದ ಮೇಲೆ

ವ್ಯಾಪಾರ ಕೈಗೂಡುವ ತನಕ ಎಲ್ಲರ ಮಾತೂ ಮಧುರವಾಗಿರುತ್ತದೆ. ಗಿರಾಕಿಗೆ ಅಗ್ಗದ ಬೆಲೆ, ನೌಕರನಿಗೆ ಭದ್ರವಾದ ಕೆಲಸ, ಪಾಲುದಾರನಿಗೆ ನಂಬಿಕೆ ಎಂಬ ಭರವಸೆಗಳು ಧಾರಾಳವಾಗಿ ಸಿಗುತ್ತವೆ. ಅದೇ ವ್ಯಾಪಾರಕ್ಕೆ ತಡೆ ಬಿದ್ದರೆ ಆ ಭರವಸೆಗಳ ಗತಿ ಏನಾಗುತ್ತದೆ? ಪರಿಚಯದ ಸಣ್ಣ ವ್ಯಾಪಾರಿಯ ವಿಷಯದಲ್ಲಿ ಇದನ್ನು ನಾವು ಸುಲಭವಾಗಿ ಕಂಡುಕೊಳ್ಳಬಹುದು. ದೊಡ್ಡ ಕಂಪೆನಿಗಳ ವಿಷಯದಲ್ಲಿ ಅಂತಹ ಅವಕಾಶ ಅಪರೂಪ. ಸರಕಾರವೋ ನ್ಯಾಯಾಲಯವೋ ಅವುಗಳ ದೊಡ್ಡದೊಂದು ಖರೀದಿಯನ್ನು ತಡೆದಾಗ ಮಾತ್ರ ಅದು ಒದಗುತ್ತದೆ. ಯಾಕೆಂದರೆ ಮೊದಲು ಹೇಳಿದ್ದೆಲ್ಲವೂ ಕಡತದಲ್ಲಿ ದಾಖಲಾಗಿರುತ್ತದೆ, ಅನಂತರ ಮಾಡಿದ್ದು ಎಲ್ಲರ ಕಣ್ಣೆದುರಿಗಿರುತ್ತದೆ.

ಮೊದಲು ಈ ತಡೆಯ ಸ್ವರೂಪವನ್ನು ತಿಳಿದುಕೊಳ್ಳೋಣ. ಒಂದು ಊರಿನಲ್ಲಿ ಎರಡೇ ದಿನಸಿ ಅಂಗಡಿಗಳಿವೆ ಎಂದಿಟ್ಟುಕೊಳ್ಳಿ. ಒಬ್ಬನು ಅಕ್ಕಿಯ ಬೆಲೆ ಏರಿಸಿದರೆ ಗಿರಾಕಿಯು ಇನ್ನೊಬ್ಬನ ಬಳಿಗೆ ಹೋಗುತ್ತಾನೆ. ಈ ಭಯವೇ ಇಬ್ಬರನ್ನೂ ಹದ್ದುಬಸ್ತಿನಲ್ಲಿಡುತ್ತದೆ. ಒಬ್ಬನು ಇನ್ನೊಬ್ಬನ ಅಂಗಡಿಯನ್ನೇ ಕೊಂಡುಕೊಂಡರೆ ಭಯವೂ ಇಲ್ಲ, ಗಿರಾಕಿಗೆ ಬೇರೆ ದಾರಿಯೂ ಇಲ್ಲ. ಧಾನ್ಯವನ್ನು ಕೂಡಿಟ್ಟು ಬೆಲೆ ಏರಿಸುವ ‘ಇಹ್ತಿಕಾರ್’ ಅನ್ನು ಫಿಕ್ಹ್ ವಿದ್ವಾಂಸರು ಖಂಡಿಸಿದ್ದೂ ಜನರ ಇಂತಹ ಅಸಹಾಯಕತೆಯನ್ನು ಕಂಡೇ. ಅಮೇರಿಕದಲ್ಲಿ 1914ರ ಕ್ಲೇಟನ್ ಕಾಯ್ದೆಯು ಸ್ಪರ್ಧೆಯನ್ನು ಗಣನೀಯವಾಗಿ ಕುಗ್ಗಿಸುವ ಖರೀದಿಗಳನ್ನು ನಿಷೇಧಿಸುತ್ತದೆ. ಅಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯಾಯ ಇಲಾಖೆ, ಯುರೋಪಿನಲ್ಲಿ ಯುರೋಪಿಯನ್ ಕಮಿಷನ್, ನಮ್ಮಲ್ಲಿ 2002ರ ಕಾಯ್ದೆಯಂತೆ ರಚಿತವಾದ ಭಾರತೀಯ ಸ್ಪರ್ಧಾ ಆಯೋಗ ಈ ಕೆಲಸವನ್ನು ನೋಡಿಕೊಳ್ಳುತ್ತವೆ.

ಇನ್ನು ವಿಷಯಕ್ಕೆ ಬರೋಣ. ಕ್ರೋಗರ್ ಮತ್ತು ಆಲ್ಬರ್ಟ್‌ಸನ್ಸ್ ಅಮೇರಿಕದ ಎರಡು ದೊಡ್ಡ ದಿನಸಿ ಕಂಪೆನಿಗಳು. ಹಾಲು, ಮೊಟ್ಟೆ, ರೊಟ್ಟಿ, ತರಕಾರಿ, ಔಷಧ ಎಲ್ಲವನ್ನೂ ಮಾರುವ ಸುಮಾರು 5,000 ಮಳಿಗೆಗಳು, 7 ಲಕ್ಷದಷ್ಟು ನೌಕರರು ಇವೆರಡಕ್ಕೂ ಸೇರಿ ಇದ್ದಾರೆ. 2022ರ ಅಕ್ಟೋಬರ್‌ನಲ್ಲಿ ಕ್ರೋಗರ್, ಆಲ್ಬರ್ಟ್‌ಸನ್ಸನ್ನು ಸಾಲವೂ ಸೇರಿ 2,460 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ವಾಲ್‌ಮಾರ್ಟ್, ಕಾಸ್ಟ್‌ಕೋ, ಅಮೆಜಾನ್‌ನಂತಹ ದೈತ್ಯರೆದುರು ನಿಲ್ಲಲು ನಾವು ಒಂದಾಗಲೇಬೇಕು ಎಂಬುದು ಅವರ ವಾದ. ವ್ಯವಹಾರ ಕುದುರಿದರೆ ಬೆಲೆ ಇಳಿಸಲು 100 ಕೋಟಿ ಡಾಲರ್ ವ್ಯಯಿಸುತ್ತೇವೆಂಬ ಭರವಸೆಯನ್ನೂ ಕ್ರೋಗರ್ ನೀಡಿತು. ಎರಡೂ ಕಂಪೆನಿಗಳ ಅಂಗಡಿಗಳು ಅಕ್ಕಪಕ್ಕದಲ್ಲಿರುವ ಊರುಗಳಲ್ಲಿ ಸ್ಪರ್ಧೆ ಅಳಿಯದಂತೆ 579 ಮಳಿಗೆಗಳನ್ನು ಸಿ ಆ್ಯಂಡ್ ಎಸ್ ಎಂಬ ಸಗಟು ಕಂಪೆನಿಗೆ ಮಾರುವ ಯೋಜನೆಯನ್ನೂ ಮುಂದಿಟ್ಟಿತು.

ಈ ಕೊನೆಯ ಯೋಜನೆಯನ್ನು ಅಧಿಕಾರಿಗಳು ನಂಬಲಿಲ್ಲ. ಅದಕ್ಕೆ ಕಾರಣವಿತ್ತು. 2015ರಲ್ಲಿ ಇದೇ ಆಲ್ಬರ್ಟ್‌ಸನ್ಸ್, ಸೇಫ್‌ವೇ ಕಂಪೆನಿಯನ್ನು ಕೊಂಡಾಗ ಷರತ್ತಿನಂತೆ 146 ಮಳಿಗೆಗಳನ್ನು ಹ್ಯಾಗನ್ ಎಂಬ ಸಣ್ಣ ಸಂಸ್ಥೆಗೆ ಮಾರಿತ್ತು. ಬರೇ 18 ಅಂಗಡಿಗಳನ್ನು ನಡೆಸುತ್ತಿದ್ದ ಹ್ಯಾಗನ್‌ಗೆ ಅಷ್ಟು ದೊಡ್ಡ ಹೊರೆಯನ್ನು ಹೊರಲಾಗಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದು ದಿವಾಳಿ ಅರ್ಜಿ ಸಲ್ಲಿಸಿತು. ಆ ಮಳಿಗೆಗಳಲ್ಲಿ ಅನೇಕವು ಮತ್ತೆ ಆಲ್ಬರ್ಟ್‌ಸನ್ಸ್‌ನ ಕೈಗೇ ಬಂದವು! ಈಗ ಮುಂದೆ ತಂದ ಸಿ ಆ್ಯಂಡ್ ಎಸ್ ಸಗಟು ವ್ಯಾಪಾರದಲ್ಲಿ ದೊಡ್ಡದೇ ಆದರೂ ಅದರ ಬಳಿ ಇದ್ದ ಚಿಲ್ಲರೆ ಮಳಿಗೆಗಳು 23 ಮಾತ್ರ.

2024ರ ಫೆಬ್ರವರಿಯಲ್ಲಿ ಟ್ರೇಡ್ ಕಮಿಷನ್ ದಾವೆ ಹೂಡಿತು. ಗಿರಾಕಿಗಳ ಜೊತೆ ನೌಕರರ ಮಾತನ್ನೂ ಅದು ಎತ್ತಿತು. ಎರಡು ಯಜಮಾನರಿದ್ದಾಗ ಒಬ್ಬನ ಬಳಿ ಸಂಬಳ ಕಡಿಮೆಯಾದರೆ ಇನ್ನೊಬ್ಬನಲ್ಲಿಗೆ ಹೋಗಬಹುದು, ಒಬ್ಬನೇ ಆದರೆ ಕಾರ್ಮಿಕ ಸಂಘದ ಚೌಕಾಶಿಯ ಬಲವೇ ಕುಂದುತ್ತದೆ ಎಂಬುದು ಅದರ ವಾದ. ವಿಚಾರಣೆಯ ವೇಳೆ ಕ್ರೋಗರ್‌ನ ಬೆಲೆ ವಿಭಾಗದ ಅಧಿಕಾರಿಯೊಬ್ಬರು ಮೇಲಧಿಕಾರಿಗಳಿಗೆ ಬರೆದ ಪತ್ರವೊಂದು ಹೊರಬಿತ್ತು. ಹಾಲು ಮತ್ತು ಮೊಟ್ಟೆಯ ಬೆಲೆಯನ್ನು ಕಂಪೆನಿಗೆ ತಗಲುವ ವೆಚ್ಚ ಏರಿದ್ದಕ್ಕಿಂತ ಸಾಕಷ್ಟು ಹೆಚ್ಚು ಏರಿಸಲಾಗಿದೆ ಎಂಬುದು ಅದರ ಸಾರಾಂಶ. ಬೆಲೆ ಇಳಿಸುವ ಭರವಸೆ ಕೊಟ್ಟವರ ಕಡತದಲ್ಲಿಯೇ ಇದ್ದ ಮಾತಿದು. 2024ರ ಡಿಸೆಂಬರ್ 10ರಂದು ಒರೆಗಾನ್‌ನ ಫೆಡರಲ್ ನ್ಯಾಯಾಧೀಶೆ ಏಡ್ರಿಯನ್ ನೆಲ್ಸನ್ ಖರೀದಿಗೆ ತಡೆಯಾಜ್ಞೆ ನೀಡಿದರು. ಅದೇ ದಿನ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯವೂ ಅದನ್ನು ತಡೆಯಿತು.

ಓದುಗರು ವಿಶೇಷವಾಗಿ ಗಮನಿಸಬೇಕಾದದ್ದು ಮರುದಿನದ ಸಂಗತಿಯನ್ನು. ಡಿಸೆಂಬರ್ 11ರಂದು ಆಲ್ಬರ್ಟ್‌ಸನ್ಸ್ ಒಪ್ಪಂದವನ್ನು ಮುರಿದು, ನಿನ್ನೆಯ ತನಕ ಹೆಗಲಿಗೆ ಹೆಗಲು ಕೊಟ್ಟಿದ್ದ ಕ್ರೋಗರ್‌ನ ಮೇಲೆಯೇ ಡೆಲವೇರ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕರಾರಿನ ಪ್ರಕಾರ ಬರಬೇಕಾದ 60 ಕೋಟಿ ಡಾಲರ್ ಮತ್ತು ಅದರ ಮೇಲೆ ನಷ್ಟ ಪರಿಹಾರ ಕೇಳಿತು. ಕ್ರೋಗರ್ ಸಾಕಷ್ಟು ಮಳಿಗೆಗಳನ್ನು ಬಿಟ್ಟುಕೊಡಲು ಒಪ್ಪಲಿಲ್ಲ, ಇನ್ನೂ ಸಮರ್ಥರಾದ ಖರೀದಿದಾರರನ್ನು ದೂರವಿಟ್ಟಿತು, ಅಧಿಕಾರಿಗಳ ಅಭಿಪ್ರಾಯಕ್ಕೆ ಕಿವಿಗೊಡಲಿಲ್ಲ ಎಂಬುದು ಅದರ ಆರೋಪ. ಕ್ರೋಗರ್ ಎಲ್ಲವನ್ನೂ ಅಲ್ಲಗಳೆಯಿತು, 2025ರ ಮಾರ್ಚ್‌ನಲ್ಲಿ ತಾನೂ ಪ್ರತಿದಾವೆ ಹೂಡಿತು. ಯಾರ ಪಕ್ಷ ಸರಿ ಎಂಬುದು ನ್ಯಾಯಾಲಯದ ವಿಚಾರ. ಆದರೆ ಇಲ್ಲೊಂದು ಪ್ರಶ್ನೆ ಉದ್ಭವಿಸುತ್ತದೆ. ಒರೆಗಾನ್‌ನಲ್ಲಿ ಮಳಿಗೆ ಮಾರಾಟದ ಆ ಯೋಜನೆ ಸಾಕಷ್ಟು ಭದ್ರವಾಗಿದೆ ಎಂದು ಎರಡೂ ಕಂಪೆನಿಗಳ ವಕೀಲರು ಒಟ್ಟಿಗೇ ನಿಂತು ವಾದಿಸಿದ್ದರಲ್ಲವೇ? ತೀರ್ಪು ಬಂದು ಒಂದು ರಾತ್ರಿ ಕಳೆಯುವಷ್ಟರಲ್ಲಿ ಅದು ಸಾಲದ ಯೋಜನೆ ಹೇಗಾಯಿತು? ಎರಡೂ ಮಾತು ಏಕಕಾಲಕ್ಕೆ ಪೂರ್ಣ ಸತ್ಯವಾಗಿರಲಾರವು.

ಹಣದ ಹಾದಿಯನ್ನೂ ನೋಡಬೇಕು. ಆ ದಿನವೇ ಕ್ರೋಗರ್ 750 ಕೋಟಿ ಡಾಲರ್ ಮೊತ್ತದ ಶೇರು ಮರುಖರೀದಿಯನ್ನು ಘೋಷಿಸಿತು. ಅಂದರೆ ಕಂಪೆನಿಯು ತನ್ನದೇ ಶೇರುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕೊಂಡು, ಉಳಿದ ಶೇರುದಾರರ ಪಾಲನ್ನು ಹೆಚ್ಚಿಸುವುದು. ಆಲ್ಬರ್ಟ್‌ಸನ್ಸ್ ಕೂಡ 200 ಕೋಟಿ ಡಾಲರಿನ ಮರುಖರೀದಿಗೆ ಅನುಮತಿ ನೀಡಿತು, ಲಾಭಾಂಶವನ್ನೂ ಏರಿಸಿತು. ಇದು ಕಾನೂನುಬಾಹಿರವಲ್ಲ, ಖರೀದಿಗೆಂದು ಕೂಡಿಸಿದ ಹಣ ಎಲ್ಲಿಗಾದರೂ ಹೋಗಲೇಬೇಕಿತ್ತು. ಆದರೂ ಬೆಲೆ ಇಳಿಸಲು ಮೀಸಲೆಂದ 100 ಕೋಟಿಯನ್ನೂ ಶೇರುದಾರರಿಗೆ ಮೀಸಲಾದ 750 ಕೋಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾರ ಹಿತ ಮೊದಲು ನೆನಪಾಯಿತೆಂದು ತಿಳಿಯುತ್ತದೆ. ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ನ್ಯಾಯವಾಗದು. 2025ರಲ್ಲಿ ಕ್ರೋಗರ್ ಎರಡು ಸಾವಿರಕ್ಕೂ ಹೆಚ್ಚು ಸಾಮಾನುಗಳ ಬೆಲೆ ಇಳಿಸಿರುವುದಾಗಿ ತಿಳಿಸಿತು, ಜೊತೆಗೆ ಸುಮಾರು 60 ಮಳಿಗೆಗಳನ್ನು ಮುಚ್ಚುವುದಾಗಿಯೂ ಹೇಳಿತು. ಬೆಲೆ ಇಳಿಸಲು ಪ್ರತಿಸ್ಪರ್ಧಿಯನ್ನು ಕೊಳ್ಳುವ ಅಗತ್ಯವೇನೂ ಇರಲಿಲ್ಲವೆಂದಾಯಿತು.

ತಡೆಯನ್ನು ಲೆಕ್ಕಕ್ಕೇ ಇಡದೆ ಮುನ್ನುಗ್ಗಿದ ಕಂಪೆನಿಯೂ ಉಂಟು. ಇಲ್ಯುಮಿನಾ ಎಂಬುದು ವಂಶವಾಹಿಗಳನ್ನು ಓದುವ ಯಂತ್ರಗಳ ತಯಾರಕ. ರಕ್ತ ಪರೀಕ್ಷೆಯಿಂದ ಕ್ಯಾನ್ಸರನ್ನು ಬೇಗನೆ ಪತ್ತೆ ಹಚ್ಚಲು ಹೊರಟಿದ್ದ ಗ್ರೇಲ್ ಕಂಪೆನಿಯನ್ನು ಅದು ಕೊಳ್ಳಬಯಸಿತು. ಗ್ರೇಲ್‌ನ ಪ್ರತಿಸ್ಪರ್ಧಿಗಳೂ ಇಲ್ಯುಮಿನಾದ ಯಂತ್ರಗಳನ್ನೇ ಅವಲಂಬಿಸಿದ್ದರಿಂದ ಯುರೋಪಿನ ಅಧಿಕಾರಿಗಳು ತನಿಖೆಗೆ ತೊಡಗಿದರು. ತನಿಖೆ ಮುಗಿಯುವ ತನಕ ಕಾಯಬೇಕೆಂಬ ನಿಯಮವಿದ್ದರೂ 2021ರ ಆಗಸ್ಟ್‌ನಲ್ಲಿ ಇಲ್ಯುಮಿನಾ ಖರೀದಿಯನ್ನು ಮುಗಿಸಿಯೇ ಬಿಟ್ಟಿತು. ಕಮಿಷನ್ 2022ರಲ್ಲಿ ಖರೀದಿಯನ್ನು ನಿಷೇಧಿಸಿತು, 2023ರ ಜುಲೈಯಲ್ಲಿ 43.2 ಕೋಟಿ ಯೂರೋ ದಂಡವನ್ನೂ ವಿಧಿಸಿತು. ವ್ಯವಹಾರ ಕೈಬಿಟ್ಟರೆ ಕೊಡಬೇಕಾದ ಮೊತ್ತವನ್ನೂ ನಿಯಮ ಮುರಿದರೆ ಬೀಳುವ ದಂಡವನ್ನೂ ತೂಗಿ ನೋಡಿಯೇ ಕಂಪೆನಿ ಹೀಗೆ ಮಾಡಿತು ಎಂಬುದು ಕಮಿಷನ್‌ನ ಆಕ್ಷೇಪ. ನಿಯಮವನ್ನು ಪಾಲಿಸುವ ಕರ್ತವ್ಯ ಎಂದು ತಿಳಿಯದೆ, ಮುರಿಯಲು ತಗಲುವ ಖರ್ಚು ಎಂದು ಎಣಿಸುವ ಈ ಮನೋಭಾವ ದೊಡ್ಡವರಲ್ಲಿ ಮಾತ್ರ ಇದೆಯೆಂದು ನನಗನಿಸುವುದಿಲ್ಲ.

ಆದರೆ ಕಥೆ ಅಷ್ಟು ಸರಳವಾಗಿ ಮುಗಿಯಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಉಚ್ಚ ನ್ಯಾಯಪೀಠವು, ಈ ಖರೀದಿಯನ್ನು ಪರಿಶೀಲಿಸುವ ಅಧಿಕಾರವೇ ಕಮಿಷನ್‌ಗೆ ಇರಲಿಲ್ಲವೆಂದು ತೀರ್ಪಿತ್ತಿತು. ದಂಡವೂ ರದ್ದಾಯಿತು. ಅಷ್ಟರಲ್ಲಿ ಕಂಪೆನಿಯ ಮುಖ್ಯಸ್ಥರು ರಾಜೀನಾಮೆ ನೀಡಿಯಾಗಿತ್ತು, ಅಮೇರಿಕದಲ್ಲಿಯೂ ವಿರೋಧ ಎದುರಾಗಿ ಗ್ರೇಲನ್ನು 2024ರ ಜೂನ್‌ನಲ್ಲಿ ಬೇರ್ಪಡಿಸಿಯೂ ಆಗಿತ್ತು. ಗೆದ್ದವನ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಮೈಕ್ರೋಸಾಫ್ಟ್ ಮೂರನೆಯ ದಾರಿ ಹಿಡಿಯಿತು. ಆ್ಯಕ್ಟಿವಿಷನ್ ಎಂಬ ಆಟಗಳ ಕಂಪೆನಿಯನ್ನು 6,870 ಕೋಟಿ ಡಾಲರಿಗೆ ಕೊಳ್ಳುವುದನ್ನು 2023ರ ಎಪ್ರಿಲ್‌ನಲ್ಲಿ ಬ್ರಿಟನ್ ತಡೆಯಿತು. ಕಂಪೆನಿ ಮೊದಲು ಕಟುವಾಗಿ ಟೀಕಿಸಿತು, ಮೇಲ್ಮನವಿಯನ್ನೂ ಸಲ್ಲಿಸಿತು. ಅನಂತರ ಆಕ್ಷೇಪವಿದ್ದ ಭಾಗವನ್ನೇ, ಅಂದರೆ ಇಂಟರ್‌ನೆಟ್ ಮೂಲಕ ಆಟಗಳನ್ನು ಒದಗಿಸುವ ಹಕ್ಕನ್ನು, ಫ್ರಾನ್ಸಿನ ಯೂಬಿಸಾಫ್ಟ್‌ಗೆ ಬಿಟ್ಟುಕೊಟ್ಟು ಹೊಸ ಒಪ್ಪಂದ ತಂದಿತು. ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು.

ತಡೆ ಒಡ್ಡುವವರ ತೀರ್ಮಾನ ಪ್ರತಿಸಲವೂ ಜನರಿಗೆ ಒಳಿತನ್ನೇ ತರುತ್ತದೆಂದು ಭಾವಿಸುವುದೂ ತಪ್ಪು. ಜೆಟ್‌ಬ್ಲೂ ವಿಮಾನ ಕಂಪೆನಿಯು ಸ್ಪಿರಿಟ್ ಎಂಬ ಅಗ್ಗದ ದರದ ವಿಮಾನ ಸಂಸ್ಥೆಯನ್ನು ಕೊಳ್ಳುವುದನ್ನು 2024ರ ಜನವರಿಯಲ್ಲಿ ಅಮೇರಿಕದ ನ್ಯಾಯಾಲಯ ತಡೆಯಿತು. ಬಡ ಪ್ರಯಾಣಿಕನಿಗೆ ಅಗ್ಗದ ಟಿಕೇಟು ಉಳಿಯಬೇಕೆಂಬುದೇ ಉದ್ದೇಶ. ಆದರೆ ಆ ಸ್ಪಿರಿಟ್ ಅದೇ ವರ್ಷದ ನವೆಂಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು, 2025ರ ಆಗಸ್ಟ್‌ನಲ್ಲಿ ಮತ್ತೊಮ್ಮೆ.

ಇದಕ್ಕೆ ತೀರಾ ವಿರುದ್ಧವಾದ ಉದಾಹರಣೆ ಎಟಿ ಆ್ಯಂಡ್ ಟಿ ಎಂಬ ದೂರವಾಣಿ ಕಂಪೆನಿಯದು. 2011ರ ಮಾರ್ಚ್‌ನಲ್ಲಿ ಅದು ಟಿ-ಮೊಬೈಲ್‌ನ ಅಮೇರಿಕದ ವ್ಯವಹಾರವನ್ನು 3,900 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತು. ದೇಶದ ಶೇಕಡಾ 97ರಷ್ಟು ಜನರಿಗೆ ಹೊಸ ವೇಗದ ಸೇವೆ ತಲಪಿಸಲು ಈ ಖರೀದಿ ಅನಿವಾರ್ಯವೆಂದಿತು. ಆದರೆ ಆಗಸ್ಟ್‌ನಲ್ಲಿ ಅದರ ವಕೀಲರ ಪತ್ರವೊಂದು ಕೈತಪ್ಪಿನಿಂದ ಬಹಿರಂಗವಾಯಿತು. ಶೇಕಡಾ 80ರಿಂದ 97ಕ್ಕೆ ಏರಲು ಬೇಕಾಗುವ ಹೆಚ್ಚುವರಿ ವೆಚ್ಚ 380 ಕೋಟಿ ಡಾಲರ್ ಎಂದು ಅದರಲ್ಲಿತ್ತು, ಅಂದರೆ ಖರೀದಿ ಬೆಲೆಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಆಗಸ್ಟ್ 31ರ ಬೆಳಿಗ್ಗೆ, ಖರೀದಿಗೆ ಒಪ್ಪಿದರೆ 5,000 ಉದ್ಯೋಗಗಳನ್ನು ಅಮೇರಿಕಕ್ಕೆ ಮರಳಿ ತರುತ್ತೇವೆಂದು ಕಂಪೆನಿ ಘೋಷಿಸಿತು. ಅದೇ ದಿನ ನ್ಯಾಯ ಇಲಾಖೆ ದಾವೆ ಹೂಡಿತು. ಡಿಸೆಂಬರ್‌ನಲ್ಲಿ ಕಂಪೆನಿ ಕೈಬಿಟ್ಟಿತು. ಮುಂದಿನ ವರ್ಷದ ನವೆಂಬರ್‌ನಲ್ಲಿ, ಯಾವ ಖರೀದಿಯೂ ಇಲ್ಲದೆ, 30 ಕೋಟಿ ಜನರಿಗೆ ಅದೇ ಸೇವೆ ಒದಗಿಸುವ ಯೋಜನೆಯನ್ನು ಎಟಿ ಆ್ಯಂಡ್ ಟಿ ತಾನೇ ಪ್ರಕಟಿಸಿತು.

ಕರಾರಿನ ಮಾತನ್ನು ಮಾತ್ರ ಅದು ಉಳಿಸಿಕೊಂಡಿತು ಎಂಬುದನ್ನು ಹೇಳಬೇಕು. ಟಿ-ಮೊಬೈಲ್‌ನ ಒಡೆಯರಿಗೆ 300 ಕೋಟಿ ಡಾಲರ್ ನಗದು ಮತ್ತು ತರಂಗಾಂತರ ಹಕ್ಕುಗಳನ್ನು ಒಪ್ಪಂದದಂತೆ ನೀಡಿತು. ಆ ಬಲದಿಂದ ಚೇತರಿಸಿಕೊಂಡ ಟಿ-ಮೊಬೈಲ್ 2013ರಿಂದ ಗಿರಾಕಿಗಳನ್ನು ಕಟ್ಟಿಹಾಕುವ ಎರಡು ವರ್ಷಗಳ ಕರಾರುಗಳನ್ನು ತೆಗೆದುಹಾಕಿತು, ಇತರರೂ ಕ್ರಮೇಣ ಅದೇ ದಾರಿ ಹಿಡಿಯಬೇಕಾಯಿತು. ಹೀಗೆ ತಡೆಯಿಂದ ಉಳಿದುಕೊಂಡ ಈ ಕಂಪೆನಿಯೇ 2020ರ ಎಪ್ರಿಲ್‌ನಲ್ಲಿ ಸ್ಪ್ರಿಂಟನ್ನು ನುಂಗಿತು. ನಾಲ್ಕು ದೊಡ್ಡ ಕಂಪೆನಿಗಳು ಮೂರಾದಾಗ, ನಾಲ್ಕನೆಯ ಸ್ಥಾನವನ್ನು ಡಿಶ್ ಎಂಬ ಸಂಸ್ಥೆ ತುಂಬುವುದೆಂದು ಸರಕಾರಕ್ಕೆ ಭರವಸೆ ಕೊಡಲಾಗಿತ್ತು. 2025ರ ಆಗಸ್ಟ್‌ನಲ್ಲಿ ಡಿಶ್‌ನ ಮಾತೃಸಂಸ್ಥೆಯು ತನ್ನ ತರಂಗಾಂತರಗಳ ದೊಡ್ಡ ಪಾಲನ್ನು ಸುಮಾರು 2,300 ಕೋಟಿ ಡಾಲರಿಗೆ ಮಾರಲು ಒಪ್ಪಿತು. ಕೊಳ್ಳಲು ಬಂದದ್ದು ಎಟಿ ಆ್ಯಂಡ್ ಟಿ.