ಹೊರಚಾಚಿದ ಚಕ್ರದ ತೊಡಕುಗಳು

ಜಿಮ್ನಿ ವಾಹನಕ್ಕೆ ಮೈನಸ್ ಆಫ್‌ಸೆಟ್‌ನ ಚಕ್ರ ಹಾಕಿಸಲು ಬಯಸುವವರು ಆಫ್‌ಸೆಟ್ ಎಂದರೆ ಚಕ್ರವು ಹಬ್‌ಗೆ ಕೂರುವ ಮುಖಕ್ಕೂ ರಿಮ್ಮಿನ ಅಗಲದ ನಡುಗೆರೆಗೂ ಇರುವ ಅಂತರವೆಂಬುದನ್ನು ಮೊದಲು ತಿಳಿದಿರಬೇಕು; ಆ ಮುಖವು ನಡುಗೆರೆಗಿಂತ ಹೊರಬದಿಗಿದ್ದರೆ ಪ್ಲಸ್, ಒಳಬದಿಗಿದ್ದರೆ ಮೈನಸ್. ಪ್ಲಸ್ 5 ಮಿ.ಮೀ. ಇದ್ದೆಡೆ ಮೈನಸ್ 20 ಬಂದರೆ ಪ್ರತಿ ಚಕ್ರವೂ 25 ಮಿ.ಮೀ. ಹೊರಸರಿದು, ವಾಹನದ ನಿಲುವು 50 ಮಿ.ಮೀ. ಅಗಲವಾಗುತ್ತದೆ.

ಇಳಿಜಾರಿನಲ್ಲಿ ಈ ಅಗಲ ತುಸು ಸ್ಥಿರತೆ ಕೊಡುವುದು ನಿಜವಾದರೂ, ಪೆಟ್ಟು ಬೀಳುವುದು ಸ್ಟೀರಿಂಗ್‌ಗೆ. ಮುಂಚಕ್ರವು ತಿರುಗುವ ಕಿಂಗ್‌ಪಿನ್ ಅಕ್ಷವನ್ನು ನೆಲದವರೆಗೆ ಎಳೆದರೆ ಸಿಗುವ ಬಿಂದುವಿಗೂ ಟೈರು ನೆಲ ಮುಟ್ಟುವ ಜಾಗದ ಮಧ್ಯಕ್ಕೂ ಇರುವ ದೂರವನ್ನು ಸ್ಕ್ರಬ್ ರೇಡಿಯಸ್ ಎನ್ನುತ್ತಾರೆ. ಚಕ್ರ ಹೊರಸರಿದು ಅದು ಹಿಗ್ಗಿದಂತೆ ಕಲ್ಲಿಗೆ ತಗುಲಿದ ಚಕ್ರವು ಉದ್ದ ಹಿಡಿಕೆಯ ಸನ್ನೆಗೋಲಿನಂತೆ ಸ್ಟೀರಿಂಗನ್ನು ಜಗ್ಗುತ್ತದೆ, ಒಂದು ಬದಿ ಮಾತ್ರ ಹಿಡಿತವಿರುವಲ್ಲಿ ಬ್ರೇಕ್ ಒತ್ತಿದಾಗ ವಾಹನ ಆ ಕಡೆಗೆ ಎಳೆಯುತ್ತದೆ, ಮತ್ತು ಜಿಮ್ನಿಯಂಥ ಗಟ್ಟಿ ಆಕ್ಸಲ್‌ನ ವಾಹನದಲ್ಲಿ ಕಿಂಗ್‌ಪಿನ್ ಬೇರಿಂಗ್ ಸವೆದಿದ್ದರೆ ಸ್ಟೀರಿಂಗ್ ನಡುಗುವ ಕಾಯಿಲೆ ಉಲ್ಬಣಿಸುತ್ತದೆ. ಹಬ್ ಬೇರಿಂಗ್‌ಗಳ ಆಯುಷ್ಯವೂ ತಗ್ಗುತ್ತದೆ. ಕೆಸರು ಬಾಗಿಲಿಗೆ ರಾಚುವುದು ಸಣ್ಣ ವಿಷಯ. ಚಕ್ರ ತಿರುಗುವ ವೃತ್ತ ದೊಡ್ಡದಾಗಿ ಟೈರು ಬಂಪರಿನ ಅಂಚಿಗೆ ಉಜ್ಜುವುದು ಸಣ್ಣದಲ್ಲ. ತಯಾರಕರ ವಿವರಗಳಿಗೆ ಹೊರತಾದ ಬದಲಾವಣೆಗಳನ್ನು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ನಿರ್ಬಂಧಿಸುತ್ತದೆ ಎಂಬುದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ.

ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ಸಸ್ಪೆನ್ಷನ್ ಆರ್ಮ್‌ಗೆ ತಾಗುವುದಷ್ಟೇ ಚಕ್ರ ಬದಲಿಸಲು ಕಾರಣವಾಗಿದ್ದರೆ, ಸ್ಟೀರಿಂಗ್ ತಡೆಬೋಲ್ಟ್‌ಗಳನ್ನು ನುರಿತ ಮೆಕ್ಯಾನಿಕ್‌ನಿಂದ ಸರಿಹೊಂದಿಸಿಕೊಂಡು ಮೂಲ ಚಕ್ರವನ್ನೇ ಉಳಿಸಿಕೊಳ್ಳುವುದು ಲೇಸು.